ಉಳಿದ ಗೋಡೆ

ಲಂಡನ್ ಮಹಾನಗರದ ವ್ಯಾಪಾರಕೇಂದ್ರದಲ್ಲಿ, ಏಳೆಂಟು ಬೀದಿಗಳು ಬಂದು ಕೂಡುವ ತಾಣದ ಪಕ್ಕದಲ್ಲಿ, ಕಿಟಕಿಯೇ ಇಲ್ಲದ ಒಂದು ದೀರ್ಘವಾದ ಕಲ್ಲುಗೋಡೆ ನಿಂತಿದೆ. ಅದರ ಮೈಮೇಲೆ ಸಾಲುಗಂಬಗಳಿವೆ; ಬಾಗಿಲಿನ ಆಕಾರಗಳಿವೆ; ಆದರೆ ಅವುಗಳಲ್ಲಿ ಹೆಚ್ಚಿನವು ತೆರೆಯುವ ಬಾಗಿಲುಗಳಲ್ಲ. ಮೂರು ಎಕರೆಗೂ ಮಿಕ್ಕ ನೆಲವನ್ನು ಸುತ್ತುವರಿದ ಈ ಗೋಡೆಯ ಹಿಂದಿನಿಂದ ಏಳಂತಸ್ತಿನ ಬೃಹತ್ ಸೌಧವೊಂದು ತಲೆಯೆತ್ತಿದೆ. ಇದೇ ಬ್ಯಾಂಕ್ ಆಫ್ ಇಂಗ್ಲೆಂಡ್. ದಾರಿಹೋಕನಿಗೆ ಇದೆಲ್ಲವೂ ಒಂದೇ ಕಟ್ಟಡವೆಂದು ತೋರುವುದು ಸಹಜ. ಆದರೆ ಗೋಡೆಯನ್ನು ಕಟ್ಟಿದ ಕೈ ಒಂದು, ಸೌಧವನ್ನು ಎತ್ತಿದ ಕೈ ಮತ್ತೊಂದು. ಇವೆರಡರ ನಡುವೆ ಒಂದು ಶತಮಾನದ ಅಂತರವಿದೆ. ಗೋಡೆ ಜಾನ್ ಸೋನ್ ಎಂಬ ವಾಸ್ತುಶಿಲ್ಪಿಯದು. ಆ ಗೋಡೆಯ ಒಳಗೆ ಆತ ನಲವತ್ತೈದು ವರ್ಷ ದುಡಿದು ಕಟ್ಟಿದ ಹಜಾರಗಳು, ಅಂಗಳಗಳು, ಗುಮ್ಮಟಗಳು ಇಂದು ಅಲ್ಲಿಲ್ಲ. ತನ್ನ ಬದುಕಿನ ಮುಖ್ಯ ಕೃತಿಯೇ ಅಳಿದ ಮೇಲೂ ಹೆಸರು ಉಳಿಸಿಕೊಂಡ ಈ ಶಿಲ್ಪಿಯ ಜೀವನವನ್ನು ತಿಳಿಯುವುದು, ಹಳೆಯದನ್ನು ಕೆಡವಿ ಹೊಸದನ್ನು ಕಟ್ಟುವ ಅವಸರದಲ್ಲಿರುವ ಎಲ್ಲ ಊರುಗಳವರಿಗೂ ಉಪಯುಕ್ತವಾದೀತು.

ಸೋನ್ ಹುಟ್ಟಿದ್ದು 1753ರ ಸೆಪ್ಟೆಂಬರ್ 10ರಂದು, ಥೇಮ್ಸ್ ನದಿಯ ದಡದ ಗೋರಿಂಗ್ ಎಂಬ ಊರಿನಲ್ಲಿ. ತಂದೆ ಇಟ್ಟಿಗೆ ಕೆಲಸದ ಮೇಸ್ತ್ರಿ. ಮಗನಿಗೆ ಹದಿನಾಲ್ಕು ವರ್ಷವಾಗಿದ್ದಾಗ ತಂದೆ ತೀರಿಕೊಂಡ. ಅಣ್ಣ ವಿಲಿಯಂ ಕೂಡ ಇಟ್ಟಿಗೆ ಕೆಲಸದವನೇ. ಹುಡುಗ ಅವನ ಆಸರೆಯಲ್ಲಿ ನಿಂತ. ಅಲ್ಲಿಗೆ ಬಂದ ಪರಿಚಯಸ್ಥರೊಬ್ಬರ ಮೂಲಕ ಈ ಹುಡುಗನ ಚುರುಕುತನ ಲಂಡನ್ನಿನ ವಾಸ್ತುಶಿಲ್ಪಿ ಕಿರಿಯ ಜಾರ್ಜ್ ಡ್ಯಾನ್ಸನ ಕಿವಿಗೆ ಮುಟ್ಟಿತು. 1768ರಲ್ಲಿ ಸೋನ್ ಡ್ಯಾನ್ಸನ ಕಚೇರಿಯನ್ನು ಸೇರಿದ. ಗುರು ದೊರೆತದ್ದು ಆತನ ಮೊದಲ ಭಾಗ್ಯ. ಆ ಗುರುವನ್ನು ಆತ ಕಡೆಯವರೆಗೂ ಮರೆಯಲಿಲ್ಲ. ಮೂಲದಲ್ಲಿ ತನ್ನ ಮನೆತನದ ಹೆಸರಿನ ಕೊನೆಯಲ್ಲಿ ಇಲ್ಲದಿದ್ದ ಒಂದು ಅಕ್ಷರವನ್ನು ಆತ ಮುಂದೆ ತಾನೇ ಸೇರಿಸಿಕೊಂಡದ್ದುಂಟು. ಬಡತನದಿಂದ ಮೇಲೆ ಬಂದವನ ಸಂಕೋಚವೂ ಅಭಿಮಾನವೂ ಆ ಒಂದಕ್ಷರದಲ್ಲಿ ಅಡಗಿದ್ದಿರಬೇಕು.

1771ರಲ್ಲಿ ರಾಯಲ್ ಅಕಾಡೆಮಿಯ ಶಾಲೆಗೆ ಸೇರಿ, 1776ರಲ್ಲಿ ವಿಜಯಸೇತುವೆಯೊಂದರ ಕಲ್ಪನಾಚಿತ್ರಕ್ಕೆ ಚಿನ್ನದ ಪದಕವನ್ನು ಪಡೆದ. ಅದರ ಫಲವಾಗಿ ದೊರೆ ಮೂರನೆಯ ಜಾರ್ಜನ ಪ್ರವಾಸವೇತನ ದೊರೆಯಿತು. 1778ರ ಮಾರ್ಚ್ ತಿಂಗಳಲ್ಲಿ ಇಟಲಿಗೆ ಹೊರಟ. ರೋಮ್ ನಗರದ ಪಾಳುಗಳ ನಡುವೆ ಅಳತೆಯ ಪಟ್ಟಿಯನ್ನು ಹಿಡಿದು ತಿರುಗಿದ ದಿನಗಳೇ ಆತನ ನಿಜವಾದ ವಿದ್ಯಾಭ್ಯಾಸ. ಟಿವೊಲಿಯ ಬೆಟ್ಟದಂಚಿನಲ್ಲಿ ವೆಸ್ತಾ ದೇವಿಯದೆಂದು ಹೇಳುವ ದುಂಡುಗುಡಿಯೊಂದಿದೆ. ಅದನ್ನು ಆತ ಅಳೆದು ಬರೆದುಕೊಂಡ. ಇಪ್ಪತ್ತೈದು ವರ್ಷಗಳ ಬಳಿಕ ಆ ಗುಡಿ ಲಂಡನ್ನಿನ ಬ್ಯಾಂಕಿನ ಮೂಲೆಯಲ್ಲಿ ಮರುಹುಟ್ಟು ಪಡೆಯಲಿದ್ದಿತು. ಪ್ರವಾಸದ ಅವಧಿ ಮುಗಿಯುವ ಮೊದಲೇ, ದೊಡ್ಡ ಕೆಲಸ ಕೊಡುವೆನೆಂದ ಒಬ್ಬ ಶ್ರೀಮಂತ ಬಿಷಪ್ಪನ ಮಾತನ್ನು ನಂಬಿ ಸೋನ್ 1780ರಲ್ಲಿ ಐರ್ಲೆಂಡಿಗೆ ಹೋದ. ಆ ಮಾತು ನಡೆಯಲಿಲ್ಲ. ಕೈಯಲ್ಲಿ ಸಾಲವನ್ನು ಹೊತ್ತು ಲಂಡನ್ನಿಗೆ ಮರಳಿದವನು ಸಣ್ಣಪುಟ್ಟ ದುರಸ್ತಿ ಕೆಲಸಗಳಿಂದ ಬದುಕನ್ನು ಹೊಸದಾಗಿ ಆರಂಭಿಸಬೇಕಾಯಿತು. ಶ್ರೀಮಂತರ ಮಾತಿನ ಮೇಲೆ ಮನೆ ಕಟ್ಟಬಾರದೆಂಬ ಪಾಠವನ್ನು ಆತ ಆಗಲೇ ಕಲಿತ.

ಆದರೆ ಇಟಲಿಯ ಪ್ರವಾಸ ಬೇರೊಂದು ರೀತಿಯಲ್ಲಿ ಫಲ ಕೊಟ್ಟಿತು. ಅಲ್ಲಿ ಪರಿಚಿತನಾದ ಥಾಮಸ್ ಪಿಟ್ಟನ ಬಂಧು ಕಿರಿಯ ವಿಲಿಯಂ ಪಿಟ್ ಇಂಗ್ಲೆಂಡಿನ ಪ್ರಧಾನಿಯಾದ. 1784ರಲ್ಲಿ ಸೋನ್ ಎಲಿಜಬೆತ್ ಸ್ಮಿತ್ ಎಂಬಾಕೆಯನ್ನು ಮದುವೆಯಾದ. ಆಕೆ ಅನುಕೂಲಸ್ಥ ಕಟ್ಟಡಗಾರ ಜಾರ್ಜ್ ವಯಟ್ಟನ ಸೋದರಸೊಸೆ. ಬುದ್ಧಿವಂತೆ, ಗಂಡನ ಮುಂಗೋಪವನ್ನು ತಿದ್ದಬಲ್ಲ ತಾಳ್ಮೆಯವಳು. 1788ರಲ್ಲಿ ಬ್ಯಾಂಕಿನ ಶಿಲ್ಪಿಯಾಗಿದ್ದ ಸರ್ ರಾಬರ್ಟ್ ಟೇಲರ್ ಕಾಲವಾದ. ಆ ಸ್ಥಾನಕ್ಕೆ ಪೈಪೋಟಿ ಬಲವಾಗಿತ್ತು. ಪಿಟ್ಟನ ಒಲವಿನ ಬೆಂಬಲದಿಂದ ಅದೇ ವರ್ಷದ ಅಕ್ಟೋಬರಿನಲ್ಲಿ ಅದು ಮೂವತ್ತೈದು ವರ್ಷದ ಸೋನನಿಗೆ ಲಭಿಸಿತು.

ಬ್ಯಾಂಕಿನ ಪೂರ್ವಕಥೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು. 1694ರಲ್ಲಿ ಸ್ಥಾಪಿತವಾದ ಈ ಸಂಸ್ಥೆ ಮೊದಲು ವರ್ತಕಸಂಘಗಳ ಭವನಗಳಲ್ಲಿ ಬಾಡಿಗೆಗೆ ಇದ್ದು, 1734ರಲ್ಲಿ ಥ್ರೆಡ್‌ನೀಡಲ್ ಬೀದಿಯಲ್ಲಿ ಜಾರ್ಜ್ ಸ್ಯಾಂಪ್ಸನ್ ಕಟ್ಟಿದ ಸ್ವಂತ ಮನೆಗೆ ಬಂದಿತ್ತು. 1765ರಿಂದ ಟೇಲರ್ ಅದಕ್ಕೆ ರೆಕ್ಕೆಗಳನ್ನು ಸೇರಿಸುತ್ತ ಬಂದ. 1780ರ ಗಾರ್ಡನ್ ದಂಗೆಯಲ್ಲಿ ಜನರ ಗುಂಪು ಬ್ಯಾಂಕಿನ ಮೇಲೆ ಬಿದ್ದಿತು. ಅಂದಿನಿಂದ ಆಡಳಿತವರ್ಗಕ್ಕೆ ಭಯ ಹೊಕ್ಕಿತು. ಪಕ್ಕದ ಚರ್ಚಿನ ಗೋಪುರವನ್ನು ದಂಗೆಕೋರರು ಏರಿ ಕುಳಿತರೆ ಬ್ಯಾಂಕು ಉಳಿಯದೆಂದು ಆ ಚರ್ಚನ್ನೇ ಕೆಡವಿಸಿದರು. ರಾತ್ರಿ ಕಾವಲಿಗೆ ಸೈನಿಕರ ತುಕಡಿ ಬರತೊಡಗಿತು. ಆ ಪದ್ಧತಿ 1973ರವರೆಗೂ ನಡೆಯಿತು. ಇಂಥ ಮಾಲೀಕರು ತಮ್ಮ ಶಿಲ್ಪಿಯಿಂದ ಬಯಸಿದ್ದು ಕೋಟೆಯನ್ನು. ಹೊರಗೋಡೆಯಲ್ಲಿ ಕಿಟಕಿ ಕೂಡದು. ಒಳಗೆ ಬೆಂಕಿ ಹತ್ತಬಾರದು. ಆದರೆ ನೂರಾರು ಗುಮಾಸ್ತರು ದಿನವಿಡೀ ಲೆಕ್ಕದ ಪುಸ್ತಕ ಬರೆಯುವಷ್ಟು ಬೆಳಕು ಮಾತ್ರ ಬೇಕು. ಫ್ರಾನ್ಸಿನೊಡನೆ 1793ರಲ್ಲಿ ಯುದ್ಧ ಆರಂಭವಾಯಿತು. ಸರ್ಕಾರದ ಸಾಲ ಬೆಳೆದಂತೆ, ಆ ಸಾಲದ ಲೆಕ್ಕ ಇಡುವ ಬ್ಯಾಂಕೂ ಬೆಳೆಯಿತು. ಸಾಲಪತ್ರಗಳನ್ನು ಕೊಳ್ಳುವವರೂ ಮಾರುವವರೂ ಬಡ್ಡಿ ಪಡೆಯುವವರೂ ಅಲ್ಲಿಗೇ ಬಂದು ಪುಸ್ತಕದಲ್ಲಿ ಹೆಸರು ಬದಲಾಯಿಸಿಕೊಳ್ಳಬೇಕಾಗಿದ್ದ ಕಾಲ ಅದು.

ಈ ಕಟ್ಟುಪಾಡುಗಳಿಂದಲೇ ಸೋನನ ಪ್ರತಿಭೆ ಅರಳಿತು. ಬೆಳಕು ಪಕ್ಕದಿಂದ ಬಾರದಿದ್ದರೆ ಮೇಲಿನಿಂದ ಬರಲಿ ಎಂದು ಆತ ನಿರ್ಧರಿಸಿದ. 1792ರಲ್ಲಿ ಆರಂಭವಾದ ಬ್ಯಾಂಕ್ ಸ್ಟಾಕ್ ಕಚೇರಿ ಆತನ ಮೊದಲ ದೊಡ್ಡ ಹಜಾರ. ಅಲ್ಲಿ ಟೇಲರನ ಹಳೆಯ ಮಾಡಿನ ಮರ ಕೆಟ್ಟಿತ್ತು. ಗುರು ಡ್ಯಾನ್ಸನ ಸಲಹೆ ಪಡೆದು ಸೋನ್ ಮರವನ್ನೇ ದೂರವಿಟ್ಟ. ಒಳಗೆ ಟೊಳ್ಳಾದ ಸುಟ್ಟ ಮಣ್ಣಿನ ಕುಡಿಕೆಗಳನ್ನು ಒಂದರ ಪಕ್ಕ ಒಂದರಂತೆ ಜೋಡಿಸಿ ಕಮಾನು ಕಟ್ಟಿದ. ಹಾಗೆ ಕಟ್ಟಿದ ಚಾವಣಿ ಹಗುರ, ಬೆಂಕಿಗೂ ಅಂಜುವಂಥದಲ್ಲ. ಅದರ ನೆತ್ತಿಯಲ್ಲಿ ಗಾಜಿನ ಗೂಡನ್ನು ಇಟ್ಟ. ಆಕಾಶದಿಂದ ಇಳಿದ ಬೆಳಕು ಕಮಾನಿನಿಂದ ಕಮಾನಿಗೆ ಹರಿದು, ಮೃದುವಾಗಿ ಗುಮಾಸ್ತರ ಮೇಜನ್ನು ಮುಟ್ಟುತ್ತಿತ್ತು. ಗ್ರೀಸ್ ರೋಮ್‌ಗಳ ಕಂಬ, ಬೋದಿಗೆ, ಕೆತ್ತನೆಗಳ ಭಾರವನ್ನು ಕಳಚಿ, ಬರಿಯ ಗೀಟುಗಳಿಂದ ಅವುಗಳ ನೆನಪನ್ನು ಮಾತ್ರ ಗೋಡೆಯ ಮೇಲೆ ಮೂಡಿಸಿದ. ಅಂದಿನ ಪಂಡಿತರಿಗೆ ಅದು ಅಪಚಾರವೆನಿಸಿತು. ಬಳಿಕದವರಿಗೆ ಅದರಲ್ಲೇ ಹೊಸತನ ಕಂಡಿತು.

ಒಂದಾದ ಮೇಲೊಂದು ಹಜಾರ ಎದ್ದಿತು. 1794–95ರಲ್ಲಿ ಟೇಲರನ ವರ್ತುಲಭವನವನ್ನು ಬಿಚ್ಚಿ ತನ್ನದನ್ನು ಕಟ್ಟಿದ. ಕಾನ್ಸಲ್ಸ್ ಎಂಬ ಸಾಲಪತ್ರಗಳ ವರ್ಗಾವಣೆಯ ಕಚೇರಿ, ಲಾತ್‌ಬರಿ ಅಂಗಳ ಇವು ಬೆನ್ನಹಿಂದೆಯೇ ಬಂದವು. ಸುಮಾರು 1805ರ ಹೊತ್ತಿಗೆ ವಾಯವ್ಯದ ಮೂಲೆಯಲ್ಲಿ ಟಿವೊಲಿಯ ಗುಡಿಯ ನೆನಪು ಕಲ್ಲಿನಲ್ಲಿ ನಿಂತಿತು. ಟೇಲರನ ಕೊನೆಯ ಎರಡು ವರ್ಗಾವಣೆ ಹಜಾರಗಳೂ 1818ರಿಂದ 1823ರೊಳಗೆ ಹೋಗಿ, ಅವುಗಳ ಜಾಗದಲ್ಲಿ ಸೋನನವು ಬಂದವು. ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಸೋನ್ ಕೂಡ ಹಿಂದಿನವನ ಕೆಲಸವನ್ನು ಕೆಡವಿಯೇ ಕಟ್ಟಿದವನು. ಆದರೆ ಕೆಡವುವಾಗ ಆತನಿಗೆ ಒಂದು ವಿವೇಕವಿತ್ತು. ನಿರ್ದೇಶಕರು ಸಭೆ ಸೇರುವ ಟೇಲರನ ಸೊಗಸಾದ ಕೋಣೆಯನ್ನು ಆತ ಮುಟ್ಟಲಿಲ್ಲ. 1800ರಲ್ಲಿ ಈಲಿಂಗ್ ಎಂಬಲ್ಲಿ ತನಗಾಗಿ ಕೊಂಡ ಹಳೆಯ ಮನೆಯನ್ನು ಬಹುಪಾಲು ಕೆಡವಿದಾಗಲೂ, ಗುರು ಡ್ಯಾನ್ಸ್ ಕಟ್ಟಿದ್ದ ಒಂದು ಪಾರ್ಶ್ವವನ್ನು ಹಾಗೆಯೇ ಉಳಿಸಿಕೊಂಡ. ಹುಡುಗನಾಗಿ ಆ ಕಚೇರಿಯಲ್ಲಿ ತಾನು ಮೊದಲು ಕೆಲಸ ಕಲಿತದ್ದು ಆ ಪಾರ್ಶ್ವದ ಮೇಲೆಯೇ. ಯಾವುದು ಹೋಗಬಹುದು, ಯಾವುದು ಹೋಗಬಾರದು ಎಂದು ಯೋಚಿಸಿದ ಮೇಲೆಯೇ ಆತನ ಹಾರೆ ಏಳುತ್ತಿತ್ತು.

ಹೊರಗೆ ಕೀರ್ತಿ ಬೆಳೆಯುತ್ತಿದ್ದಾಗ ಮನೆಯೊಳಗೆ ಕತ್ತಲೆ ಕವಿಯಿತು. ನಾಲ್ಕು ಗಂಡುಮಕ್ಕಳಲ್ಲಿ ಇಬ್ಬರು ಶೈಶವದಲ್ಲೇ ತೀರಿಕೊಂಡರು. ಉಳಿದವರು ಜಾನ್ ಮತ್ತು ಜಾರ್ಜ್. ಮಕ್ಕಳಿಬ್ಬರೂ ತನ್ನ ವೃತ್ತಿಯನ್ನೇ ಹಿಡಿದು ಶಿಲ್ಪಿಗಳ ಒಂದು ವಂಶವೇ ಬೆಳೆಯಬೇಕೆಂಬುದು ತಂದೆಯ ಹಂಬಲ. ಈಲಿಂಗಿನ ಮನೆಯನ್ನು ಆತ ಕಟ್ಟಿದ್ದೂ ಅವರ ಶಿಕ್ಷಣವನ್ನು ಮನಸ್ಸಿನಲ್ಲಿಟ್ಟುಕೊಂಡೇ. ಮಕ್ಕಳಿಗೆ ಆ ಒಲವು ಬರಲಿಲ್ಲ. ಹಿರಿಯವನ ದೇಹ ದುರ್ಬಲ, ಕಿರಿಯವನ ನಡತೆ ಒರಟು. 1810ರಲ್ಲಿ ಆ ಮನೆಯನ್ನು ಮಾರಿಬಿಟ್ಟ. ಜಾರ್ಜ್ ತಂದೆತಾಯಿಗಳ ಇಷ್ಟಕ್ಕೆ ವಿರುದ್ಧವಾಗಿ ಮದುವೆಯಾದ. ಸಾಲ ಮಾಡಿ 1814ರಲ್ಲಿ ಸೆರೆಮನೆ ಸೇರಿದ. ತಾಯಿ ಹಣ ಕಟ್ಟಿ ಬಿಡಿಸಿದಳು. 1815ರ ಸೆಪ್ಟೆಂಬರಿನಲ್ಲಿ ಒಂದು ಪತ್ರಿಕೆಯಲ್ಲಿ ಸೋನನ ಕೃತಿಗಳನ್ನು ನಿಂದಿಸುವ ಹೆಸರಿಲ್ಲದ ಲೇಖನಗಳು ಬಂದವು. ಓದಿದ ತಾಯಿಗೆ ಅದು ಮಗನ ಬರಹವೆಂದು ಗೊತ್ತಾಗಲು ತಡವಾಗಲಿಲ್ಲ. ಮೊದಲೇ ಕಾಯಿಲೆಯಿಂದ ಬಳಲುತ್ತಿದ್ದ ಆಕೆ ನವೆಂಬರ್ 22ರಂದು ಕಣ್ಮುಚ್ಚಿದಳು. ಮಗನ ಲೇಖನಗಳೇ ತಾಯಿಯನ್ನು ಕೊಂದವೆಂಬ ಭಾವನೆ ಸೋನನಿಂದ ಎಂದೂ ದೂರವಾಗಲಿಲ್ಲ. ಆ ಲೇಖನಗಳಿಗೆ ಚೌಕಟ್ಟು ಹಾಕಿಸಿ ಮನೆಯಲ್ಲಿ ತೂಗುಹಾಕಿದ. ಕ್ಷಮಿಸಲಾರದವನ ಕಾಠಿಣ್ಯವನ್ನು ಇದರಲ್ಲಿ ಕಾಣಬಹುದು. ಮರೆಯಲಾರದವನ ನೋವನ್ನೂ ಕಾಣಬಹುದು.

ಪತ್ನಿಗಾಗಿ ಸೇಂಟ್ ಪ್ಯಾಂಕ್ರಸ್ಸಿನ ಸ್ಮಶಾನದಲ್ಲಿ ಸಮಾಧಿಯೊಂದನ್ನು ತಾನೇ ರಚಿಸಿದ. ನಾಲ್ಕು ಕಂಬಗಳ ಮೇಲೆ ತೇಲುವಂತೆ ಕೂತ, ಅಷ್ಟಾಗಿ ಎತ್ತರವಿಲ್ಲದ ಗುಮ್ಮಟ ಅದು. ಬ್ಯಾಂಕಿನ ಹಜಾರಗಳಲ್ಲಿ ಆತ ಮತ್ತೆ ಮತ್ತೆ ಕಟ್ಟಿದ್ದ ಆಕಾರವೇ ಚಿಕ್ಕದಾಗಿ ದುಃಖದ ಮೇಲೆ ಕವಿದಂತಿದೆ. 1823ರಲ್ಲಿ ಹಿರಿಯ ಮಗ ಜಾನನನ್ನೂ ಅಲ್ಲಿಯೇ ಮಲಗಿಸಬೇಕಾಯಿತು.

ಇನ್ನು ಆತನಿಗೆ ಉಳಿದದ್ದು ಲಿಂಕನ್ಸ್ ಇನ್ ಫೀಲ್ಡ್ಸ್ ಎಂಬ ಚೌಕದ ಬದಿಯ ಮನೆ. 1792ರಲ್ಲಿ ಒಂದು ಮನೆಯನ್ನು ಕೊಂಡು ಆರಂಭಿಸಿದವನು ಪಕ್ಕದ ಎರಡು ಮನೆಗಳನ್ನೂ ಒಂದೊಂದಾಗಿ ಕೊಂಡು ಬೆಳೆಸಿದ. ಅಲ್ಲಿ ಪುಸ್ತಕಗಳು, ಹೋಗಾರ್ತನ ಚಿತ್ರಗಳು, ರೋಮಿನ ಕಲ್ಲಿನ ತುಣುಕುಗಳು ತುಂಬಿದವು. 1824ರಲ್ಲಿ ಈಜಿಪ್ಟಿನ ದೊರೆ ಸೇತಿಯ ಶಿಲಾಶವಪೆಟ್ಟಿಗೆಯನ್ನು, ಬ್ರಿಟಿಷ್ ಮ್ಯೂಜಿಯಂ ಬೇಡವೆಂದಾಗ, 2000 ಪೌಂಡು ಕೊಟ್ಟು ತಂದ. ಸಾವಿರಗಟ್ಟಲೆ ನಕ್ಷೆಗಳನ್ನು ಜೋಪಾನವಾಗಿ ಜೋಡಿಸಿಟ್ಟ. ಬ್ಯಾಂಕಿನ ಪ್ರತಿಯೊಂದು ಹಜಾರದ ರೇಖಾಚಿತ್ರವೂ ಅವುಗಳಲ್ಲಿ ಸೇರಿತು. ಅಕಾಡೆಮಿಯಲ್ಲಿ ಆತ 1806ರಿಂದ ಪ್ರಾಧ್ಯಾಪಕನಾಗಿದ್ದ. ಉಪನ್ಯಾಸದ ಹಿಂದಿನ ಮತ್ತು ಮುಂದಿನ ದಿನಗಳಲ್ಲಿ ವಿದ್ಯಾರ್ಥಿಗಳು ಮನೆಗೆ ಬಂದು ಇವನ್ನೆಲ್ಲ ನೋಡಿ ಕಲಿಯಬಹುದಾಗಿತ್ತು. ಮಕ್ಕಳಿಗೆ ಕೊಡಲಾಗದ ವಿದ್ಯೆಯನ್ನು ಪರರ ಮಕ್ಕಳಿಗೆ ಕೊಡುವ ದಾರಿ ಹೀಗೆ ತೆರೆಯಿತು.

ಪಾಳು ಸೋನನಿಗೆ ಪ್ರಿಯವಾದ ವಸ್ತು. ತನ್ನ ಮನೆಯೇ ಪಾಳಾಗಿ, ಮುಂದಿನವರು ಬಂದು ಇದೇನಿದ್ದಿರಬಹುದೆಂದು ತರ್ಕಿಸುವಂತೆ 1812ರಲ್ಲೊಂದು ವಿನೋದ ವಿಷಾದಗಳ ಬರಹವನ್ನು ಬರೆದ. ಆತನಿಗಾಗಿ ಚಿತ್ರ ಬರೆಯುತ್ತಿದ್ದ ಜೋಸೆಫ್ ಗ್ಯಾಂಡಿ 1830ರಲ್ಲಿ ಇಡೀ ಬ್ಯಾಂಕನ್ನು ಆಕಾಶದಿಂದ ನೋಡಿದಂತೆ ಚಿತ್ರಿಸಿದ. ಅದರಲ್ಲಿ ಚಾವಣಿಗಳಿಲ್ಲ, ಗೋಡೆಗಳು ಅರ್ಧಕ್ಕೆ ನಿಂತಿವೆ. ಬ್ಯಾಂಕಿನ ಒಳರಚನೆಯನ್ನು ತೋರಿಸುವ ಚಿತ್ರವೂ ಹೌದು, ಕಾಲದ ಕೈಗೆ ಸಿಕ್ಕ ಬ್ಯಾಂಕಿನ ಚಿತ್ರವೂ ಹೌದು. ರೋಮಿನಂತೆ ಸಾವಿರಾರು ವರ್ಷ ಕಳೆದ ಮೇಲೆ ತನ್ನ ಕಟ್ಟಡಕ್ಕೂ ಅಂಥ ಗಂಭೀರವಾದ ಮುಪ್ಪು ಬರಲೆಂದು ಶಿಲ್ಪಿ ಕನಸು ಕಂಡಿರಬೇಕು.

1831ರಲ್ಲಿ ಸರ್ ಪದವಿ ಬಂದಿತು. 1833ರಲ್ಲಿ, ಎಂಬತ್ತನೆಯ ವಯಸ್ಸಿನಲ್ಲಿ, ಬ್ಯಾಂಕಿನ ಕೆಲಸದಿಂದ ನಿವೃತ್ತನಾದ. ಅದೇ ವರ್ಷ ಪಾರ್ಲಿಮೆಂಟಿನಲ್ಲಿ ತನ್ನ ಮನೆಯ ಬಗೆಗೆ ಒಂದು ಪ್ರತ್ಯೇಕ ಶಾಸನವನ್ನೇ ಮಾಡಿಸಿದ. ತಾನು ಸತ್ತ ಮೇಲೆ ಮನೆಯೂ ಸಂಗ್ರಹವೂ ರಾಷ್ಟ್ರದ್ದಾಗಬೇಕು. ಧರ್ಮದರ್ಶಿಗಳು ಅದನ್ನು ಆದಷ್ಟೂ ಇದ್ದಂತೆಯೇ ಕಾಯಬೇಕು. ನೋಡಬಂದವರಿಂದ ಹಣ ಕೇಳಕೂಡದು. ಆಸ್ತಿ ಕೈತಪ್ಪುವುದೆಂದು ಮಗ ಜಾರ್ಜ್ ಅಡ್ಡಿ ತಂದರೂ ಶಾಸನ ನಿಂತಿತು. 1837ರ ಜನವರಿ 20ರಂದು ಸೋನ್ ಅದೇ ಮನೆಯಲ್ಲಿ ತೀರಿಕೊಂಡ. ಪತ್ನಿಯ ಪಕ್ಕದಲ್ಲಿ, ತಾನೇ ಕಟ್ಟಿದ ಆ ಪುಟ್ಟ ಗುಮ್ಮಟದ ಅಡಿಯಲ್ಲಿ ಮಣ್ಣಾದ.

ಮನೆಗೆ ಶಾಸನದ ರಕ್ಷಣೆ ಇತ್ತು, ಬ್ಯಾಂಕಿಗೆ ಇರಲಿಲ್ಲ. ಅದಕ್ಕೆ ರಕ್ಷಣೆ ಬೇಕಾದೀತೆಂದು ಯಾರೂ ಎಣಿಸಿರಲಿಲ್ಲ. ಅಷ್ಟು ದಪ್ಪ ಗೋಡೆ, ಅಷ್ಟು ಚಿನ್ನ, ಅಷ್ಟು ಕಾವಲು ಇರುವ ಕಟ್ಟಡಕ್ಕೆ ಹೊರಗಿನ ಶತ್ರುವಿನ ಭಯವಿರಲಿಲ್ಲ. ಅಪಾಯ ಒಳಗಿನಿಂದ ಬಂದಿತು. 1914–18ರ ಮಹಾಯುದ್ಧ ಸರ್ಕಾರದ ಸಾಲವನ್ನು ಹಿಂದೆ ಎಂದೂ ಕಾಣದ ಮಟ್ಟಕ್ಕೆ ಏರಿಸಿತು. ಕಡತಗಳೂ ನೌಕರರೂ ಹಲವು ಪಾಲು ಹೆಚ್ಚಾದರು. ಸೋನನ ಹಜಾರಗಳೆಲ್ಲ ಬಹುತೇಕ ಒಂದೇ ಅಂತಸ್ತಿನವು. ಮೇಲೆ ಆಕಾಶವಿರಬೇಕೆಂಬುದೇ ಅವುಗಳ ಮೂಲತತ್ತ್ವ. ನಗರದ ಮಧ್ಯದಲ್ಲಿ ಬಂಗಾರದ ಬೆಲೆಯ ನೆಲದ ಮೇಲೆ ಒಂದಂತಸ್ತಿನ ಕಟ್ಟಡವನ್ನು ಇಟ್ಟುಕೊಳ್ಳುವುದು ಹೇಗೆಂದು ನಿರ್ದೇಶಕರು ಚಿಂತಿಸಿದರು. ಊರಾಚೆ ಹೋಗಲು ಅವರ ಮನಸ್ಸು ಒಪ್ಪಲಿಲ್ಲ. ಹಾಗಾದರೆ ಮೇಲಕ್ಕೂ ಕೆಳಕ್ಕೂ ಬೆಳೆಯಬೇಕು. ಬೆಳಕು ಇಳಿಯುತ್ತಿದ್ದ ದಾರಿಯಲ್ಲೇ ಅಂತಸ್ತುಗಳು ಏರಬೇಕಾದ ಮೇಲೆ ಆ ಹಜಾರಗಳು ಉಳಿಯುವ ಬಗೆ ಎಲ್ಲಿಯದು?

ಕೆಲಸವನ್ನು ವಹಿಸಿಕೊಂಡವನು ಸರ್ ಹರ್ಬರ್ಟ್ ಬೇಕರ್. ಈ ಹೆಸರು ಭಾರತೀಯರಿಗೆ ಅಪರಿಚಿತವಲ್ಲ. ದೆಹಲಿಯ ರೈಸಿನಾ ಗುಡ್ಡದ ಸಚಿವಾಲಯದ ಜೋಡಿ ಸೌಧಗಳನ್ನೂ, 2023ರವರೆಗೆ ನಮ್ಮ ಸಂಸತ್ತು ಕೂಡುತ್ತಿದ್ದ ದುಂಡನೆಯ ಭವನವನ್ನೂ ರಚಿಸಿದವನು ಈತನೇ. ಬೇಕರ್ ಅರಸಿಕನಲ್ಲ, ಹಳೆಯದರ ವೈರಿಯೂ ಅಲ್ಲ. ಸೋನನ ಹೊರಗೋಡೆಯನ್ನು ಉಳಿಸಿಕೊಳ್ಳುವುದು, ಗೋಡೆಯನ್ನು ಆತುಕೊಂಡ ಕೆಲವು ಹಜಾರಗಳನ್ನು ಹಳೆಯ ಮಾದರಿಯಲ್ಲೇ ಹೊಸದಾಗಿ ಕಟ್ಟುವುದು, ನಡುವೆ ಎತ್ತರದ ಸೌಧವನ್ನು ನಿಲ್ಲಿಸುವುದು ಆತನ ಯೋಜನೆ. 1925ರಲ್ಲಿ ಆರಂಭವಾದ ಕೆಲಸ 1939ರವರೆಗೆ ಹಂತಹಂತವಾಗಿ ನಡೆಯಿತು. ನೆಲದ ಮೇಲೆ ಏಳು, ನೆಲದ ಕೆಳಗೆ ಮೂರು ಅಂತಸ್ತುಗಳಾದವು. ಆಳವಾಗಿ ಅಗೆದಾಗ ರೋಮನರ ಕಾಲದ ಚಿತ್ತಾರದ ನೆಲಗಟ್ಟು ಹೊರಬಿದ್ದಿತು. ರೋಮನ್ನು ಪ್ರೀತಿಸಿದ ಸೋನ್ ತನ್ನ ಕಾಲಡಿಯಲ್ಲೇ ರೋಮ್ ಮಲಗಿರುವುದನ್ನು ಅರಿಯದೆ ಹೋಗಿದ್ದ. ಟೇಲರನ ಸಭಾಕೋಣೆಯನ್ನು ಬಿಚ್ಚಿ ಮೇಲಂತಸ್ತಿನಲ್ಲಿ ಮತ್ತೆ ಜೋಡಿಸಿದರು. ಟಿವೊಲಿ ಮೂಲೆಯನ್ನು ತಿದ್ದಿ, ನಡೆದುಹೋಗುವವರಿಗೆ ದಾರಿ ಕೊರೆದರು. ಸೋನನ ಒಳಹಜಾರಗಳು ಮಾತ್ರ ಒಂದೊಂದಾಗಿ ನೆಲಕ್ಕುರುಳಿದವು. ಚಾವಣಿ ಕಳಚಿದ ಗೋಡೆಗಳ ನಡುವೆ ಆಕಾಶ ಕಂಡ ಆ ದಿನಗಳಲ್ಲಿ ಗ್ಯಾಂಡಿಯ ಚಿತ್ರ ಅಕ್ಷರಶಃ ನಿಜವಾಯಿತು. ಸಾವಿರ ವರ್ಷ ಕಾಯಬೇಕಾಗಲಿಲ್ಲ. ಒಂದು ಶತಮಾನವೂ ತುಂಬಿರಲಿಲ್ಲ.

ನಿಕೊಲಾಸ್ ಪೆವ್ಸ್‌ನರನಂಥ ವಿದ್ವಾಂಸ ಈ ನಾಶವನ್ನು ಇಪ್ಪತ್ತನೆಯ ಶತಮಾನದ ಲಂಡನ್ನಿನಲ್ಲಿ ನಡೆದ ವಾಸ್ತು ಅಪರಾಧಗಳಲ್ಲೆಲ್ಲ ದೊಡ್ಡದೆಂದು ಎಣಿಸಿದ. ತೀರ್ಪು ಕಠಿಣವೆನಿಸಬಹುದು. ಬ್ಯಾಂಕಿನ ಅಗತ್ಯ ಸುಳ್ಳಲ್ಲ. ಬದುಕಿರುವ ಸಂಸ್ಥೆ ಬೆಳೆಯದೆ ಇರಲಾರದು. ಆದರೆ ಸೋನನ ಹಿರಿಮೆ ಇದ್ದದ್ದು ಎಲ್ಲಿ ಎಂದು ಕೇಳಿದರೆ, ಬೇಕರನ ಆಯ್ಕೆಯ ತಪ್ಪು ತಾನಾಗಿ ಹೊಳೆಯುತ್ತದೆ. ಗೋಡೆ ಮಾಲೀಕರ ಭಯದಿಂದ ಹುಟ್ಟಿದ್ದು. ಹಜಾರ ಶಿಲ್ಪಿಯ ಕಲ್ಪನೆಯಿಂದ ಹುಟ್ಟಿದ್ದು. ಬೀದಿಗೆ ಕಾಣುವ ಭಯವನ್ನು ಉಳಿಸಿಕೊಂಡು, ಒಳಗಿದ್ದ ಬೆಳಕನ್ನು ಹೊರಹಾಕಿದರು. ನಗರಗಳ ನಡುವೆ ಹಳೆಯ ಮನೆಯ ಮುಖವನ್ನಷ್ಟೇ ನಿಲ್ಲಿಸಿ ಬೆನ್ನಿಗೆ ಹೊಸ ಸೌಧ ಕಟ್ಟಿ, ಪರಂಪರೆಯನ್ನು ಕಾಪಾಡಿದೆವೆಂದು ಸಮಾಧಾನಪಡುವ ಪದ್ಧತಿ ಇಂದು ಎಲ್ಲೆಲ್ಲೂ ಇದೆ. ಆ ಸಮಾಧಾನ ಎಷ್ಟು ಪೊಳ್ಳೆಂಬುದಕ್ಕೆ ಥ್ರೆಡ್‌ನೀಡಲ್ ಬೀದಿಯ ಗೋಡೆಗಿಂತ ಬೇರೆ ಸಾಕ್ಷಿ ಬೇಡ.

ಇನ್ನೊಂದು ಸಂಗತಿಯನ್ನು ಹೇಳಿ ಮುಗಿಸಬೇಕು. ಬ್ಯಾಂಕನ್ನು ಕೆಡವುತ್ತಿದ್ದ ಕಾಲದಲ್ಲೇ, 1926ರಿಂದ, ಲಂಡನ್ನಿನ ಬೀದಿಗಳಲ್ಲಿ ಕೆಂಪು ಬಣ್ಣದ ಟೆಲಿಫೋನ್ ಗೂಡುಗಳು ಕಾಣತೊಡಗಿದವು. ಅವುಗಳ ನೆತ್ತಿಯ ಆಕಾರಕ್ಕೆ ಸೋನ್ ತನ್ನ ಪತ್ನಿಗೆ ಕಟ್ಟಿದ ಸಮಾಧಿಯ ಗುಮ್ಮಟವೇ ಪ್ರೇರಣೆಯೆಂದು ಬಲ್ಲವರು ಹೇಳುತ್ತಾರೆ. ಲಿಂಕನ್ಸ್ ಇನ್ ಫೀಲ್ಡ್ಸಿನ ಮನೆಯಂತೂ ಇಂದಿಗೂ ಹಾಗೆಯೇ ಇದೆ. ಯಾರು ಬೇಕಾದರೂ ಹಣ ಕೊಡದೆ ಒಳಗೆ ಹೋಗಿ ನೋಡಬಹುದು. ಕಡೆಗೆ ಬ್ಯಾಂಕಿಗೂ ಪಶ್ಚಾತ್ತಾಪವಾಯಿತೆಂದು ತೋರುತ್ತದೆ. 1988ರಲ್ಲಿ ಅದು ತನ್ನ ವಸ್ತುಸಂಗ್ರಹಾಲಯವನ್ನು ತೆರೆದಾಗ, ಸೋನನ ಮೊದಲ ಹಜಾರವಾದ ಬ್ಯಾಂಕ್ ಸ್ಟಾಕ್ ಕಚೇರಿಯನ್ನು ಇದ್ದ ಜಾಗದಲ್ಲೇ ಮರಳಿ ಕಟ್ಟಿಸಿತು. ಆದರೆ ಕಟ್ಟಲು ನಕ್ಷೆ ಎಲ್ಲಿತ್ತು? ಚಿನ್ನವನ್ನು ಕಾಯ್ದ ಬ್ಯಾಂಕು ತನ್ನ ಶಿಲ್ಪಿಯನ್ನು ಕಾಯಲಿಲ್ಲ. ಮಕ್ಕಳ ಮೇಲಿನ ಆಸೆ ಕಳೆದುಕೊಂಡ ಒಬ್ಬ ಮುದುಕ, ಮುಂದೆ ಹುಟ್ಟುವ ಯಾರೋ ವಿದ್ಯಾರ್ಥಿಗಳಿಗೆಂದು ತನ್ನ ಮನೆಯಲ್ಲಿ ಜೋಡಿಸಿಟ್ಟ ಕಾಗದಗಳೇ ಆ ಹಜಾರಕ್ಕೆ ಮರುಜನ್ಮ ಕೊಟ್ಟವು.